ಸುಳಿ ಹೋದ ಮರದ ಹಸಿರು ಗರಿ

ಮೂತ್ರಪಿಂಡ ಕೆಟ್ಟು ವಾರಕ್ಕೆ ಎರಡು ಮೂರು ಸಾರಿ ಡಯಾಲಿಸಿಸ್‌ಗೆ ಹೋಗಿಬರುವವರು ಈಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳ್ಳಿಗಳಲ್ಲಿಯೂ ಇದ್ದಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೈಕೈ ನೋವಿಗೆಂದು ವರ್ಷಗಟ್ಟಲೆ ನುಂಗಿದ ಮಾತ್ರೆ, ಹೀಗೆ ಕಾರಣಗಳು ಹಲವು. ಕೊಬ್ಬರಿ ಮಾರಿದ ಹಣ ಆಸ್ಪತ್ರೆಗೇ ಸಾಲದು. ಅಂಥ ಮನೆಯವರು ಮಠಕ್ಕೆ ಬಂದು ಕೇಳುತ್ತಾರೆ: "ಸತ್ತವರ ಅಂಗ ತೆಗೆದು ಇನ್ನೊಬ್ಬರಿಗೆ ಕೂಡಿಸಿದರೆ ದೋಷವಿಲ್ಲವೇ ಬುದ್ಧಿ?"

ದೋಷವಿಲ್ಲ. ಇದನ್ನು ನಾವು ಮೊದಲೇ ಹೇಳಿಬಿಡುತ್ತೇವೆ. ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಸಮಾಧಿ ಮಾಡುವ ಸಂಪ್ರದಾಯ ನಮ್ಮದು. ದೇಹ ಪೂರ್ಣವಿರಬೇಕೆಂಬ ಅಳುಕು ಹಿರಿಯರಲ್ಲಿ ಸಹಜ. ಆದರೆ ಅಂಗ ತೆಗೆದ ಮೇಲೆ ವೈದ್ಯರು ದೇಹವನ್ನು ಹೊಲಿದು ಮರ್ಯಾದೆಯಿಂದ ಒಪ್ಪಿಸುತ್ತಾರೆ. ಕ್ರಿಯೆಗೆ ಅಡ್ಡಿಯಿಲ್ಲ. ಹೊಟ್ಟೆಯ ಆಪರೇಷನ್ ಆಗಿ ತೀರಿಕೊಂಡವರಿಗೆ ನಾವು ಕ್ರಿಯೆ ನಿಲ್ಲಿಸಿದ್ದುಂಟೇ? ದಾಸೋಹಕ್ಕೆ ಗಾಡಿಗಟ್ಟಲೆ ಕಾಯಿ, ರಾಗಿ ಕಳಿಸುವ ಭಕ್ತರು ಮಣ್ಣಿಗೆ ಸೇರುವ ಮೂತ್ರಪಿಂಡಕ್ಕೆ ಹಿಂದೆಮುಂದೆ ನೋಡುವುದು ನಮಗೆ ಸರಿಕಾಣದು.

ನಿಜವಾದ ಕಷ್ಟ ಬೇರೆ ಇದೆ. ಬೈಕಿನಿಂದಲೋ ಮರದಿಂದಲೋ ಬಿದ್ದು ತಲೆಗೆ ಪೆಟ್ಟಾದವನ ಮಿದುಳು ಸತ್ತಿದೆ ಎಂದು ವೈದ್ಯರು ಹೇಳುತ್ತಾರೆ. ಆದರೆ ಯಂತ್ರದಿಂದ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಹೆತ್ತ ತಾಯಿ ಹೇಗೆ ನಂಬಿಯಾಳು? ತೋಟ ಮಾಡಿದವರು ಸುಳಿ ಕೊಳೆ ಬಿದ್ದ ತೆಂಗನ್ನು ನೋಡಿದ್ದೀರಿ. ಸುಳಿ ಪೂರ್ತಿ ಕೊಳೆತು ಕೈಗೆ ಬಂದ ಮೇಲೂ ಕೆಳಗಿನ ಗರಿ ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ತೆಂಗಿಗೆ ಇರುವುದು ಒಂದೇ ಸುಳಿ, ಆ ಮರ ಮತ್ತೆ ಚಿಗುರದು. ಮಿದುಳು ಸತ್ತವರ ಸ್ಥಿತಿಯೂ ಅದೇ. ಕೋಮಾ ಬೇರೆ, ಅದರಿಂದ ಎದ್ದವರುಂಟು. 1994ರ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಬೇಕು. ಅಂಗ ಕಸಿ ಮಾಡುವವರು ಆ ಮಂಡಳಿಯಲ್ಲಿರುವಂತಿಲ್ಲ. ಮನೆಯವರು ಒಪ್ಪದೆ ಯಾರೂ ಮುಟ್ಟುವುದಿಲ್ಲ.

ಹುಳಿಯಾರು ಸೀಮೆಗೆ ದೂರವಲ್ಲದ ಪಂಚನಹಳ್ಳಿಯ ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತವಾಗಿ ತೀರಿಕೊಂಡರು. ಮಿದುಳು ಸತ್ತಿತೆಂದು ತಿಳಿದಾಗ ಮನೆಯವರು ಅಂಗದಾನಕ್ಕೆ ಒಪ್ಪಿದರು. ಅಂತ್ಯಕ್ರಿಯೆ ಪಂಚನಹಳ್ಳಿಯಲ್ಲಿಯೇ ನಡೆಯಿತು. ಆ ದುಃಖದ ನಡುವೆ ಹಾಗೆ ಒಪ್ಪುವುದು ಸಣ್ಣ ಮಾತಲ್ಲ.

ಅಂಗ ಬೇಕಾದವರು ಕಸಿ ಮಾಡುವ ಆಸ್ಪತ್ರೆಯ ಮೂಲಕ ಹೆಸರು ಬರೆಸಬೇಕು. ಸರದಿ ನೋಡಿಕೊಳ್ಳುವುದು ಸರ್ಕಾರದ 'ಜೀವಸಾರ್ಥಕತೆ' ಸಂಸ್ಥೆ. ದುಡ್ಡು ಕೊಟ್ಟರೆ ಕಿಡ್ನಿ ಕೊಡಿಸುತ್ತೇನೆ ಎಂದು ಬರುವ ದಲ್ಲಾಳಿಯನ್ನು ಹೊಸ್ತಿಲೊಳಗೆ ಬಿಡಬೇಡಿ. ಮಾರಿದವರಿಗೂ ಕೊಂಡವರಿಗೂ ಜೈಲು.

ಇನ್ನೊಂದು ಮಾತು ಕೆಲವರಿಗೆ ಕಹಿಯಾದೀತು. ಬದುಕಿರುವಾಗಲೇ ಒಂದು ಮೂತ್ರಪಿಂಡ ಕೊಡಲು ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡಹೆಂಡತಿ, ಅಜ್ಜಅಜ್ಜಿ, ಮೊಮ್ಮಕ್ಕಳಿಗೆ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಕೊಡುವವರು ಹೆಚ್ಚಾಗಿ ತಾಯಿ, ಇಲ್ಲವೇ ಹೆಂಡತಿ. 1995ರಿಂದ 2021ರವರೆಗೆ ದೇಶದಲ್ಲಿ ಕಸಿಯ ಫಲ ಪಡೆದ ಐವರಲ್ಲಿ ಸುಮಾರು ನಾಲ್ವರು ಗಂಡಸರು. ಸೊಸೆಗೆ ಕಾಯಿಲೆಯಾದರೆ ತವರಿಗೆ ಕಳಿಸುವ ಮನೆಗಳು, ಮಗನಿಗಾದರೆ ಅದೇ ಸೊಸೆಯ ಅಂಗ ಕೇಳುತ್ತವೆ. ಗಂಡು ಹೆಣ್ಣೆಂಬ ಭೇದ ಅಳಿಸಲು ಹೊರಟ ಶರಣರ ಹೆಸರು ಹೇಳುವ ಮನೆಯಲ್ಲಿ ಇದು ನಡೆಯಬಾರದು. ಮನಸ್ಸಿಲ್ಲದ ಹೆಣ್ಣುಮಗಳನ್ನು ಯಾರೂ ಬಲವಂತಪಡಿಸಕೂಡದು.

ಕಸಿಯಾದ ಮೇಲೂ ಎಚ್ಚರ ಬೇಕು. ಮೈ ಹೊಸ ಅಂಗವನ್ನು ಹೊರಗಿನದೆಂದು ತಳ್ಳಲು ನೋಡುತ್ತದೆ. ಅದನ್ನು ತಡೆಯುವ ಮಾತ್ರೆಯನ್ನು ದಿನವೂ ಅದೇ ಹೊತ್ತಿಗೆ ನುಂಗಬೇಕು. "ಚೆನ್ನಾಗಿದ್ದೀಯಲ್ಲ, ಸಾಕು ಬಿಡು" ಎಂದು ಹಿರಿಯರು ಹೇಳಬಾರದು. ಉಪವಾಸವೆಂದು ಮಾತ್ರೆ ಬಿಡುವುದು, ವೈದ್ಯರನ್ನು ಕೇಳದೆ ನಾಟಿ ಕಷಾಯ ಕುಡಿಸುವುದು ಎರಡೂ ಅಪಾಯ. ಆ ಮಾತ್ರೆಯಿಂದ ಸೋಂಕು ತಡೆಯುವ ಶಕ್ತಿ ತಗ್ಗುತ್ತದೆ. ಮೊದಲ ತಿಂಗಳುಗಳಲ್ಲಿ ಜನಜಂಗುಳಿ ಬೇಡ, ನೀರು ಕಾಯಿಸಿ ಆರಿಸಿದ್ದೇ ಆಗಬೇಕು. ನೆಂಟರು ಗುಂಪುಗೂಡಿ ನೋಡಲು ಹೋಗುವ ಬದಲು, ಅವರ ತೋಟದ ಕಾಯಿ ಕೀಳಿಸಿ, ದನಕ್ಕೆ ಮೇವು ಹಾಕಿ, ಬೆಂಗಳೂರಿಗೆ ಹೋಗುವಾಗ ಜೊತೆಗೊಬ್ಬರು ಹೋದರೆ ಅವರಿಗೆ ಅನುಕೂಲ. ಅಂಥವರು ತೇರಿಗೆ ಬಾರದಿದ್ದರೆ ಮಠ ಬೇಸರಿಸುವುದಿಲ್ಲ. ವಿಭೂತಿಯನ್ನು ಮನೆಗೇ ಕಳಿಸಿಕೊಡುತ್ತೇವೆ.