ಕಾಪುವಿನ ದೀಪಸ್ತಂಭ

ಉಡುಪಿಯಿಂದ ಮಂಗಳೂರಿಗೆ ಹೋಗುವ ಹಾದಿಯಲ್ಲಿ ಕಾಪು ಎಂಬ ಊರಿದೆ. ಅಲ್ಲಿ ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ದೀಪಸ್ತಂಭವು ಇಂದಿಗೂ ನಿಂತಿದೆ. ಕಟ್ಟಿದವರು ಜಾಣರು, ಮರಳನ್ನು ನಂಬದೆ ಬಂಡೆಯನ್ನು ನಂಬಿದರು. ಕಡಲ್ಕೊರೆತವು ಸ್ತಂಭವನ್ನು ಬೇಗನೆ ಕೆಡಹಲಾರದು. ಆದರೆ ಅದರ ಸುತ್ತಣ ತೀರವನ್ನೂ ತೆಂಗಿನ ಸಾಲುಗಳನ್ನೂ ಅದು ಬಿಡುವುದಿಲ್ಲ.

ಮಳೆಗಾಲದಲ್ಲಿ ಅಲೆಗಳು ಮರಳನ್ನು ಒಯ್ಯುವುದು, ಕಡಲು ಶಾಂತವಾದ ಮೇಲೆ ಅದನ್ನು ಹಿಂದಕ್ಕೆ ತಂದಿಡುವುದು ತಲೆತಲಾಂತರದ ಲೇವಾದೇವಿ. ಇದಕ್ಕೆ ಮೂಲಧನ ಒದಗಿಸುವವು ಘಟ್ಟದ ನದಿಗಳು. ನದಿಯ ಮರಳನ್ನು ತೋಡಿ ಸಾಗಿಸಿದರೆ, ಅಣೆಕಟ್ಟಿನ ಹಿಂದೆ ತಡೆದರೆ, ಕಡಲಿಗೆ ಉಳಿಯುವುದೇನು? ನಮ್ಮ ಜಿಲ್ಲೆಯ ಮಾತನ್ನೇ ತೆಗೆದುಕೊಳ್ಳಿ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ನಮಗೆ ಬೆಳಕು ಕೊಟ್ಟಿತು, ನಿಜ. ಹೊನ್ನಾವರದ ತೀರಕ್ಕೆ ಇಳಿಯಬೇಕಾದ ಶರಾವತಿಯ ಹೂಳನ್ನು ಹಿಡಿದಿಟ್ಟುಕೊಂಡದ್ದೂ ಅಷ್ಟೇ ನಿಜ. ಕುಪ್ಪಗಡ್ಡೆಯಂಥ ಒಳನಾಡಿನಲ್ಲಿ ಕುಳಿತು, ಕಡಲಿನ ಚಿಂತೆ ನಮಗೇಕೆ ಎನ್ನುವಂತಿಲ್ಲ.

ಅಮೆರಿಕದ ಕೇಪ್ ಹ್ಯಾಟರಸ್‌ನಲ್ಲಿ 1870ರ ದೀಪಸ್ತಂಭವನ್ನು 1999ರಲ್ಲಿ ಇಡಿಯಾಗಿ ಎತ್ತಿ, ಸುಮಾರು 880 ಮೀಟರ್ ದೂರ ಸರಿಸಿದರು. ಸಾಹಸವೇ ಸರಿ; ಉಳಿದದ್ದು ಸ್ತಂಭ, ತೀರವಲ್ಲ. ನಮ್ಮಲ್ಲಿ ಕಲ್ಲುಗೋಡೆಯ ಮೇಲೆ ನಂಬಿಕೆ ಹೆಚ್ಚು. ಗೋಡೆಗೆ ಬಡಿದ ಅಲೆ ಬುಡದ ಮರಳನ್ನೇ ಕೆದಕುತ್ತದೆ. ಗೋಡೆ ಮುಗಿದೆಡೆ ಕೊರೆತ ಬಲಿಯುತ್ತದೆ. ಮನೆಯ ಕೊಚ್ಚೆನೀರನ್ನು ನೆರೆಯವನ ಅಂಗಳಕ್ಕೆ ತಿರುಗಿಸಿದಂತೆ. ನದೀಮುಖದ ಮರಳನ್ನು ಅದರ ಪಾಡಿಗೆ ಬಿಡುವುದು, ಮರಳನ್ನು ಹಿಡಿದಿಡುವ ಬಳ್ಳಿಪೊದೆಗಳನ್ನು ಸವರದಿರುವುದು, ಅಲೆಯ ಅಳವಿನೊಳಗೆ ಕಟ್ಟಡ ಎಬ್ಬಿಸದಿರುವುದು ಇದಕ್ಕಿಂತ ಅಗ್ಗದ ಉಪಾಯಗಳು. ಇವುಗಳಲ್ಲಿ ಗುತ್ತಿಗೆದಾರರಿಗೆ ಮಾತ್ರ ಕೆಲಸವಿಲ್ಲ.