ಮಣ್ಣು ಅಗೆದವರ ಪಾಲೆಷ್ಟು?

ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನೆಲ ಅಗೆದಾಗ ‘ರಾಯ ಅಸೋಕೊ’ ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿತು. ಪಂಡಿತರು ಹಿಗ್ಗಿದರು. ಚಕ್ರವರ್ತಿಯ ಹೆಸರು ಎರಡು ಸಾವಿರ ವರ್ಷ ಉಳಿಯಿತು. ಗುದ್ದಲಿ ಹಿಡಿದವನ, ಮಣ್ಣಿನ ಬುಟ್ಟಿ ಹೊತ್ತವಳ ಹೆಸರು ಯಾರಿಗೆ ಗೊತ್ತು?

ಉತ್ಖನನವೆಂದರೆ ಬಾವಿ ತೋಡುವ ಕೆಲಸವಲ್ಲ. ಒಂದು ಪದರ ಮುಗಿದು ಇನ್ನೊಂದು ತೊಡಗುವುದನ್ನು ಮಣ್ಣಿನ ಬಣ್ಣದಿಂದ, ಗಡಸಿನಿಂದ ಗುರುತಿಸಬೇಕು. ಒಂದು ಏಟು ಹೆಚ್ಚಾದರೆ ಸಾವಿರ ವರ್ಷದ ಸಾಕ್ಷ್ಯ ಹಾಳು. ಇಂಥ ಕೈಯನ್ನು ‘ಅಕುಶಲ’ವೆಂದು ಬರೆದುಕೊಳ್ಳುವುದು ಯಾವ ನ್ಯಾಯ?

ಲೆಕ್ಕದ ಮಾತಿಗೆ ಬರೋಣ. ಕೇಂದ್ರ ಸರಕಾರದ 1993ರ ಯೋಜನೆಯಂತೆ ದಿನಗೂಲಿಯವರಿಗೆ ‘ತಾತ್ಕಾಲಿಕ ಸ್ಥಾನ’ ಸಿಗಬೇಕಾದರೆ ವರ್ಷಕ್ಕೆ 240 ದಿನ, ವಾರಕ್ಕೆ 5 ದಿನ ನಡೆಯುವ ಕಚೇರಿಯಲ್ಲಾದರೆ 206 ದಿನ, ದುಡಿದಿರಬೇಕಿತ್ತು. ಅಗೆತವೋ ಮಳೆ ನಿಂತ ಮೇಲೆ ಆರಂಭ, ಮುಂಗಾರಿಗೆ ಮೊದಲೇ ಮುಕ್ತಾಯ. ಲೆಕ್ಕ ಕೂಡುವುದೆಂತು? ಆ ಯೋಜನೆ ಒಂದೇ ಸಲದ್ದೆಂದು 2002ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರಿಂದ ಅನಂತರ ಬಂದವರಿಗೆ ಆ ಬಾಗಿಲೂ ಮುಚ್ಚಿತು. ನಮ್ಮ ಕರ್ನಾಟಕದಿಂದಲೇ ಹೋದ ಉಮಾದೇವಿ ಮೊಕದ್ದಮೆಯ 2006ರ ತೀರ್ಪು, ದಿನಗೂಲಿಯವರಿಗೆ ಕಾಯಮಾತಿಯ ಹಕ್ಕಿಲ್ಲವೆಂದಿತು. ಆ ತೀರ್ಪನ್ನು ಹಲವು ವರ್ಷ ದುಡಿದವರ ವಿರುದ್ಧ ಆಯುಧ ಮಾಡಬಾರದೆಂದು 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಎಚ್ಚರಿಸಿದೆ. ಸರಕಾರ ಮೊದಲಿನದನ್ನು ಮಾತ್ರ ಓದಿ ಎರಡನೆಯದನ್ನು ಮರೆಯಲು ನಾವು ಬಿಡಲಾರೆವು.

ಇದು ವಿದ್ಯೆಯ ಸೇವೆ, ಹಣದ ಮಾತೇಕೆ ಎನ್ನುವ ಮಹಾಶಯರಿದ್ದಾರೆ. ಹಾಗಾದರೆ ಸೇವೆಯ ಹೆಸರಿನಲ್ಲಿ ಹೊಟ್ಟೆ ಕಟ್ಟಬೇಕಾದವರು ಗುಂಡಿಯಲ್ಲಿ ಇಳಿದವರು ಮಾತ್ರವೇ? ಪದವಿ ಪಡೆದು, ಗುತ್ತಿಗೆಯ ಮೇಲೆ ಬಿಸಿಲಲ್ಲಿ ನಕ್ಷೆ ಬರೆಯುವ ತರುಣ ತರುಣಿಯರೂ ಈ ದುಡಿಮೆಗಾರರ ಸಾಲಿನವರೇ.

ಗಿರಣಿಯ ಬಂಧುಗಳೇ, ಬದಲಿ ಕಾರ್ಮಿಕನ ಪಾಡು ನಿಮಗೆ ಹೊಸದಲ್ಲ. ಅಂಗಡಿಯ ಮಿತ್ರರೇ, ಕೂಲಿ ತಡವಾದರೆ ಉದ್ದವಾಗುವುದು ನಿಮ್ಮ ಉದ್ರಿಯ ಪಟ್ಟಿಯೇ.

ನಾವು ಕೇಳುವುದು ಭಿಕ್ಷೆಯಲ್ಲ. ಬಲ್ಲ ಕೈಗೆ ಕುಶಲ ಕೂಲಿ. ಹೆಣ್ಣಿಗೂ ಗಂಡಿಗೂ ಒಂದೇ ದರ. ನೆರಳು, ಕುಡಿಯುವ ನೀರು, ಆಳದ ಗುಂಡಿಯ ಗೋಡೆಗೆ ಆಸರೆ, ಪೆಟ್ಟಾದರೆ ಪರಿಹಾರ. ಪ್ರತಿಯೊಬ್ಬರ ಕೈಯಲ್ಲಿ ಹಾಜರಿಯ ಚೀಟಿ. ಮುಂದಿನ ವರ್ಷದ ಅಗೆತಕ್ಕೆ ಹಳಬರಿಗೆ ಮೊದಲ ಕರೆ. ಅಚ್ಚಾಗುವ ವರದಿಯಲ್ಲಿ ಅಗೆದವರ ಹೆಸರು.

ಸತ್ತ ರಾಜರ ಚರಿತ್ರೆಗೆ ಹಣವಿರುವ ಸರಕಾರಕ್ಕೆ, ಬದುಕಿರುವ ಕೂಲಿಕಾರನಿಗೆ ಮಾತ್ರ ಇಲ್ಲವೆಂದರೆ ನಾವು ಒಪ್ಪೆವು.