ಕುದುರೆಮುಖದ ಬೀಗ ಹಾಕಿದ ಮನೆಗಳು

ಪುಣೆಯಲ್ಲಿ ನೆಲೆಸಿದ ನಾವು ಬೆಟ್ಟಕ್ಕೆ ಹೊಸಬರಲ್ಲ. ಮಳೆ ಹಿಡಿಯಿತೆಂದರೆ ಲೋಣಾವಳ, ಸಿಂಹಗಡ, ಮುಳಶಿಯೆಂದು ಹೊರಟುಬಿಡುವುದು ಇಲ್ಲಿನ ರೂಢಿ. ಸುಟ್ಟ ಜೋಳದ ತೆನೆ, ಕಾಂದಾ ಭಜಿ, ಮೈಲುಗಟ್ಟಲೆ ವಾಹನಗಳ ಸಾಲು. ಬೆಟ್ಟವೆಂದರೆ ಇಷ್ಟೇ ಎಂದು ನಂಬುವಷ್ಟು ನಾವು ಇದಕ್ಕೆ ಒಗ್ಗಿಹೋಗಿದ್ದೇವೆ.

ಕಳೆದ ಚಳಿಗಾಲದಲ್ಲಿ ಬಳಗದ ಕೆಲವರು ಕೂಡಿ ಕಳಸದಿಂದ ಕಾರ್ಕಳದ ಕಡೆಗೆ ಪ್ರಯಾಣ ಮಾಡಿದೆವು. ಅರಣ್ಯ ಇಲಾಖೆಯ ತನಿಖಾ ಠಾಣೆಯಲ್ಲಿ ಹೊತ್ತು ಬರೆದ ಚೀಟಿ ಕೊಟ್ಟರು: ಇಷ್ಟು ಹೊತ್ತಿನೊಳಗೆ ಆಚೆಯ ಠಾಣೆ ದಾಟಬೇಕು. ನಡುವೆ ಕುದುರೆಮುಖ ಪಟ್ಟಣ. ನಮ್ಮೊಡನಿದ್ದ ಗೆಳತಿಯೊಬ್ಬರು ಹುಟ್ಟಿ ಬೆಳೆದ ಊರದು. ಅವರ ತಂದೆ ಗಣಿಯಲ್ಲಿ ನೌಕರರಾಗಿದ್ದರು. ಸಾಲುಮನೆಗಳಲ್ಲಿ ತಮ್ಮದನ್ನು ಅವರು ಗುರುತಿಸಿದ್ದು ಎದುರಿನ ಮರದಿಂದ. ಬಾಗಿಲಿಗೆ ಬೀಗ, ಜಗಲಿಯ ತುಂಬ ಪಾಚಿ. "ತವರು ಯಾವುದೆಂದರೆ ಏನು ಹೇಳಲಿ?" ಎಂದರು. ನಮ್ಮಲ್ಲಿ ಯಾರೂ ಉತ್ತರಿಸಲಿಲ್ಲ.

ಆ ಬೆಟ್ಟದ ಅದಿರನ್ನು ಮೈಸೂರಿನ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು ಗುರುತಿಸಿದ್ದು 1913ರಲ್ಲಿ. ಗಣಿ ಕಂಪನಿ ಹುಟ್ಟಿದ್ದು 1976ರಲ್ಲಿ, ಇರಾನಿನ ಷಾ ಸರ್ಕಾರದ ಹಣದ ಭರವಸೆಯ ಮೇಲೆ. ಮೂರೇ ವರ್ಷಕ್ಕೆ ಅಲ್ಲಿ ಕ್ರಾಂತಿಯಾಯಿತು, ಕೊಳ್ಳಬೇಕಾದವನೇ ಇಲ್ಲವಾದ. ಆದರೂ ಗಣಿ ನಡೆಯಿತು. ಅರೆದ ಅದಿರು ನೀರಿನೊಡನೆ ಬೆರೆತು 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಇಳಿಯುತ್ತಿತ್ತು. ಉಳಿದ ಕೆಸರನ್ನು ಹಿಡಿದಿಡಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಭದ್ರೆಗೆ ಹರಿದ ಹೂಳು ಮತ್ತು ಕಾಡಿನ ಅಳಿವು ಕಡೆಗೆ ನ್ಯಾಯಾಲಯದ ಮೆಟ್ಟಿಲೇರಿದವು. ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. ಅದು ಆಗಬೇಕಾದುದೇ ಎಂಬುದರಲ್ಲಿ ನಮಗೆ ಸಂದೇಹವಿಲ್ಲ.

ಈಗ ಆ ಖಾಲಿ ಮನೆಗಳನ್ನು ರೆಸಾರ್ಟ್ ಮಾಡಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ನಮ್ಮ ಬಳಗದಲ್ಲೂ ಈ ವಾದದವರಿದ್ದಾರೆ; ಅವರು ಕೊಡುವ ಉದಾಹರಣೆ ಅಮೆರಿಕದ ಆಸ್ಪೆನ್. ಅದು ಬೆಳ್ಳಿ ಗಣಿಯ ಊರು. 1893ರಲ್ಲಿ ಬೆಳ್ಳಿಯ ಮಾರುಕಟ್ಟೆ ಕುಸಿದು ಬರಿದಾಗಿದ್ದ ಅದು ಎರಡನೆಯ ಮಹಾಯುದ್ಧದ ಬಳಿಕ ಹಿಮದ ಮೇಲೆ ಜಾರುವ ಆಟದಿಂದ ಮತ್ತೆ ಬದುಕಿತು. ನಿಜವೇ. ಆದರೆ ಅಲ್ಲಿನದು ಹಿಮದ ಬೆಟ್ಟ, ಇಲ್ಲಿನದು ಮಳೆಯ ಬೆಟ್ಟ. ಕೆದಕಿದ ಮಣ್ಣನ್ನು ಈ ಮಳೆ ಹೊಳೆಗೇ ಒಯ್ಯುತ್ತದೆ. ಗಣಿಯ ಮೇಲಿನ ದೂರೂ ಅದೇ ಆಗಿತ್ತಲ್ಲವೇ? ಸಿಂಗಳೀಕ ಬಾಳುವ ಶೋಲಾ ಕಾಡಿನ ನಡುವೆ ವಾರಾಂತ್ಯದ ಗದ್ದಲವನ್ನು ತರುವುದು ಒಂದು ಗಣಿಯನ್ನು ಮುಚ್ಚಿ ಇನ್ನೊಂದನ್ನು ತೆರೆದಂತೆ. ಲೋಣಾವಳದ ಗತಿಯನ್ನು ಪ್ರತಿ ಆಷಾಢದಲ್ಲಿ ಕಾಣುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಒಂದು ಮಾತಿದೆ. ಪಟ್ಟಣಕ್ಕೆ ಮೊದಲು ಅಲ್ಲಿ ಮಲ್ಲೇಶ್ವರವೆಂಬ ಹಳ್ಳಿಯಿತ್ತು. ಗಣಿಗಾಗಿ ಆ ಜನ ಎದ್ದರು. ಗಣಿ ನಿಂತಾಗ ನೌಕರರು ಎದ್ದರು. ಮುಳಶಿಯಲ್ಲಿ ಟಾಟಾ ಅಣೆಕಟ್ಟಿಗಾಗಿ ನೆಲ ಕಳೆದುಕೊಂಡ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದ್ದರು. ಮುಂದೆ ಸೇನಾಪತಿ ಬಾಪಟರು ಅದರ ನಾಯಕರಾದ ಕಾರಣ ಆ ಕಥೆ ಮರಾಠಿಗರ ನಾಲಗೆಯ ಮೇಲಿದೆ. ಮಲ್ಲೇಶ್ವರದವರ ಕಥೆ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಖಾಲಿ ಕಟ್ಟಡಗಳಲ್ಲಿ ಒಂದನ್ನು, ಒಂದೇ ಒಂದನ್ನು, ಈ ಎರಡೂ ಜನರ ನೆನಪಿಗೆ ಬಿಡಲಿ: ಹಳ್ಳಿಯವರ ಮಾತು, ಕಾರ್ಮಿಕರ ಭಾವಚಿತ್ರ, ಶಾಲೆಯ ಹಾಜರಿ ಪುಸ್ತಕ. ಮಿಕ್ಕ ಮನೆಗಳನ್ನು ಕಾಡು ತಾನೇ ನೋಡಿಕೊಳ್ಳುತ್ತದೆ. ಗೆಳತಿಯ ಮನೆಯ ಅಂಗಳದಲ್ಲಿ ಆ ಕೆಲಸ ಆಗಲೇ ಮೊದಲಾಗಿದೆ.

ಬೀಗದ ಚಿತ್ರವನ್ನು ತೆಗೆದುಕೊಂಡು ಅವರು ವಾಹನ ಹತ್ತಿದರು. ಎಸ್.ಕೆ. ಬಾರ್ಡರ್ ತಲುಪಿದಾಗ ಚೀಟಿಯ ಹೊತ್ತಿಗೆ ಇನ್ನೂ ಹತ್ತು ನಿಮಿಷ ಉಳಿದಿತ್ತು.